ನೀರುಮಾವನ ಕಡಲು

ಜನವರಿ 9

ಪ್ರೀತಿಯ ಬಿಚ್ಚಣ್ಣನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ನಿನ್ನ ಪಕ್ಕದ ಹಾಸಿಗೆಯ ಗೊರಕೆಯಣ್ಣನ ಮೊಣಕಾಲು ನೋವು ಹೇಗಿದೆ? ಜೈಲಿನ ಹೊಲಿಗೆ ಕೋಣೆಯಲ್ಲಿ ನಿನಗೆ ಮಷಿನ್ ತುಳಿಯಲು ಕಲಿಸುತ್ತಿರುವ ಟೇಲರ್ ತಾತನ ಕಣ್ಣಿನ ಪೊರೆ ತೆಗೆದರೇ? ಮುಖ ನೋಡದವರ ಆರೋಗ್ಯ ಕೇಳುತ್ತಾನಲ್ಲ ಈ ಮುದುಕ ಎಂದು ನಗಬೇಡ. ನಿನ್ನ ಜೊತೆ ಇರುವವರೆಲ್ಲ ಈಗ ನಮಗೂ ನೆಂಟರೇ.

ಇಲ್ಲಿ ನಿನ್ನ ಅತ್ತೆ ಆರಾಮ, ನಾನೂ ಆರಾಮ. ನಿನ್ನ ಬಾಡಿಗೆ ಕೋಣೆ ಖಾಲಿ ಮಾಡಿ ಮೀನಿನ ಟ್ಯಾಂಕನ್ನು ನಮ್ಮ ಹಜಾರಕ್ಕೆ ತಂದಾಯಿತು. ನಾಲ್ಕು ಜನ ಹೊತ್ತರು, ನಾನು ಐದನೆಯವನಾಗಿ ಬರೀ ಬಾಯಿ ಕೊಟ್ಟೆ. ನೀನು ಬರೆದುಕೊಟ್ಟ ಹಾಗೆ ಹವಳದ ಕಲ್ಲುಗಳನ್ನು ಅದೇ ನೀರಿನಲ್ಲಿಟ್ಟೇ ತಂದೆವು. ಕಿತ್ತಳೆ ಮೀನು ಇನ್ಸ್‌ಪೆಕ್ಟರ್ ಕ್ಷೇಮ. (ಕಾಗದ ಒಡೆದು ಓದುವ ಅಲ್ಲಿನ ಅಧಿಕಾರಿಗಳು ಕ್ಷಮಿಸಬೇಕು. ಅದು ಮೀನಿನ ಹೆಸರು. ಬೆಳಗಿನಿಂದ ಸಂಜೆಯವರೆಗೆ ಗಸ್ತು ತಿರುಗುತ್ತದೆಂದು ಇವನೇ ಇಟ್ಟದ್ದು.) ಮೀನಿನ ಮೈ ತಿಕ್ಕುವ ಸೀಗಡಿ ನರ್ಸಮ್ಮನೂ ಕ್ಷೇಮ. ಬಸವನಹುಳುಗಳು ಎಣಿಸಿದಂತೆ ಏಳು. ಗೊಂಚಲು ಗೊಂಚಲಾಗಿ ಬೆರಳಾಡಿಸುವ ಆ ಹಸಿರು ಹವಳವನ್ನು ಕಂಡು ನಿನ್ನ ಅತ್ತೆ, ಇದು ಗಿಡವೋ ಪ್ರಾಣಿಯೋ ಎಂದಳು. ಪ್ರಾಣಿ ಎಂದೆ. ಹಾಗಾದರೆ ಅದರೆದುರು ಸೀರೆ ಬದಲಾಯಿಸುವುದಿಲ್ಲ ಎಂದು ಟ್ಯಾಂಕಿಗೆ ಬೆನ್ನು ಹಾಕಿ ಹೋದಳು.

ಈಗ ಒಂದು ಸಂದೇಹ. ದಿನಕ್ಕೆ ಅರ್ಧ ಬೆರಳಿನಷ್ಟು ನೀರು ಇಳಿಯುತ್ತದೆ. ಇಳಿದದ್ದು ಉಪ್ಪುನೀರು, ಆದ್ದರಿಂದ ನಾನೂ ಉಪ್ಪು ಕಲಸಿಯೇ ತುಂಬಿಸುತ್ತಿದ್ದೇನೆ. ನೀನು ಕೊಟ್ಟ ಉಪ್ಪು ಅಳೆಯುವ ಕೊಳವೆಯನ್ನು ಕಣ್ಣಿಗಿಟ್ಟು ನೋಡಿದರೆ ಗೆರೆ ಮೂವತ್ತೈದರಲ್ಲಿ ಇರಬೇಕಾದ್ದು ಮೂವತ್ತೊಂಬತ್ತಕ್ಕೆ ಹತ್ತಿದೆ. ಹಸಿರು ಹವಳ ಬೆರಳು ಮಡಿಚಿ ಕೂತಿದೆ. ಕೊಳವೆ ಕೆಟ್ಟಿದೆಯೋ ನನ್ನ ಕಣ್ಣು ಕೆಟ್ಟಿದೆಯೋ ತಿಳಿಸು.

ಕೋರ್ಟಿನ ಮೆಟ್ಟಿಲ ಮೇಲೆ ನಾನು ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗೆ ಹಾಕಿ, "ಮೀನಿಗೆ ದಿನಾ ಒಂದು ಚಿಟಿಕೆ ಸಾಕು ಮಾವ," ಅಂದೆ. ಆಮೇಲೆ ವ್ಯಾನು ಹೊರಟಿತು. ಇನ್ನು ಹದಿನಾಲ್ಕು ತಿಂಗಳು. ನೀನು ಬರುವ ದಿನ ಇದು ನೀನು ಬಿಟ್ಟುಹೋದ ಹಾಗೇ ಇರುತ್ತದೆ. ಇದು ನಾನು ಕೊಡುವ ಮಾತು.

ನಿನ್ನ
ನೀರುಮಾವ

*

ಫೆಬ್ರವರಿ 3

ಪ್ರೀತಿಯ ಬಿಚ್ಚಣ್ಣ,

ನಿನ್ನ ಕಾಗದ ತಲುಪಿತು. ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಅದಕ್ಕೆ ಸಿಹಿನೀರನ್ನೇ ತುಂಬಿಸಬೇಕು ಎಂದು ಓದಿ ನನ್ನ ಹಣೆ ನಾನೇ ಬಡಿದುಕೊಂಡೆ. ಮೂವತ್ತೆಂಟು ವರ್ಷ ಊರಿನ ನೀರು ಸರಬರಾಜಿನ ಫಿಲ್ಟರ್ ಹೌಸಿನಲ್ಲಿ ದುಡಿದವನು. ಪಾತ್ರೆಯ ನೀರು ಆರಿದರೆ ತಳದಲ್ಲಿ ಬಿಳಿ ಕಟ್ಟುವುದನ್ನು ದಿನಾ ನೋಡಿದವನು. ನಿನ್ನ ಅತ್ತೆ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡಳು, ಅವಳಿಗೆ ಅಷ್ಟು ಖುಷಿ.

ದಿನಾ ಒಂದಿಷ್ಟು ಉಪ್ಪುನೀರು ತೆಗೆದು ಸಿಹಿನೀರು ಹಾಕಿದ ಮೇಲೆ ಗೆರೆ ನಿಧಾನವಾಗಿ ಇಳಿದು ಮೂವತ್ತೈದಕ್ಕೆ ಬಂದಿದೆ. ಹವಳ ಮತ್ತೆ ಬೆರಳು ಬಿಚ್ಚಿದೆ.

ಸಿಹಿನೀರಿಗೆ ಅಂಗಡಿಯ ಕ್ಯಾನು ತರಿಸಿ ಎಂದು ಬರೆದಿದ್ದೀಯ. ನಲ್ಲಿಯ ನೀರಿನ ಕ್ಲೋರಿನ್ ಹೇಗೆ ಹೋಗುತ್ತದೆಂದು ನನಗೆ ಹೇಳಿಕೊಡಬೇಕೇನೋ? ಒಂದು ದಿನ ತೆರೆದ ಪಾತ್ರೆಯಲ್ಲಿ ಬಿಟ್ಟರೆ ತಾನೇ ಹಾರಿಹೋಗುತ್ತದೆ. ಆ ವಿಷಯ ನನಗೆ ಬಿಡು. ನೀರಿನ ಬಗ್ಗೆ ನಿನಗೆ ಇನ್ನು ಚಿಂತೆ ಬೇಡ. ಎಷ್ಟಾದರೂ ನಿನ್ನ ಟ್ಯಾಂಕು, ನಾನು ಕುಡಿಯುವುದಕ್ಕಿಂತ ಒಳ್ಳೆಯ ನೀರನ್ನೇ ಅದಕ್ಕೆ ಹಾಕುತ್ತಿದ್ದೇನೆ.

ಇನ್ನೊಂದು ಸಂಗತಿ. ಹೋದ ಮಂಗಳವಾರ ಬೆಳಿಗ್ಗೆ ನೋಡುತ್ತೇನೆ, ನರ್ಸಮ್ಮ ಮರಳಿನ ಮೇಲೆ ಅಂಗಾತ ಬಿದ್ದಿದ್ದಾಳೆ. ಮೀಸೆ, ಕಾಲು, ಎಲ್ಲ ಇದೆ, ಅಲುಗಾಟವಿಲ್ಲ. ನಿನ್ನ ಅತ್ತೆ ಅಡುಗೆ ಅರ್ಧಕ್ಕೆ ಬಿಟ್ಟು ಬಂದು ಗೋಡೆಗೆ ಒರಗಿದಳು. ಚಮಚದಲ್ಲಿ ಮೆಲ್ಲಗೆ ಎತ್ತಿ, ಹಿತ್ತಲಿನ ಗುಲಾಬಿ ಗಿಡದ ಬುಡದಲ್ಲಿ ಗುಳಿ ತೋಡಿ ಇಟ್ಟು ಬಂದೆ. ಕೈ ತೊಳೆದುಕೊಂಡು ಬಂದು ನೋಡಿದರೆ ನರ್ಸಮ್ಮ ಕಲ್ಲಿನ ಸಂದಿಯಿಂದ ಹೊರಬಂದು ಇನ್ಸ್‌ಪೆಕ್ಟರನ ಕೆನ್ನೆ ತಿಕ್ಕುತ್ತಿದ್ದಾಳೆ. ನಾನು ಹೂತದ್ದು ಅವಳ ಬರೀ ಅಂಗಿಯಂತೆ. ಬೆಳೆಯುವಾಗ ಸೀಗಡಿ ಹಳೆಯ ಚಿಪ್ಪು ಕಳಚುತ್ತದೆಂದು ಮೀನಿನ ಅಂಗಡಿಯವನು ಫೋನಿನಲ್ಲಿ ಹೇಳಿ ಹೊಟ್ಟೆ ಹಿಡಿದು ನಕ್ಕ. ಅಂಗಿಗೆ ಸಂಸ್ಕಾರ ಮಾಡಿದ ಮೊದಲ ಗಿರಾಕಿ ನೀವೇ ಅಂದ.

ನೀನು ಕೂಡ ನಕ್ಕಿರುತ್ತೀಯ ಎಂದುಕೊಂಡಿದ್ದೇನೆ. ಗೊರಕೆಯಣ್ಣನಿಗೂ ಓದಿ ಹೇಳು.

ನಿನ್ನ
ನೀರುಮಾವ

*

ಮಾರ್ಚ್ 17

ಪ್ರೀತಿಯ ಬಿಚ್ಚಣ್ಣ,

ನಡುವೆ ಹಾಕಿದ ನನ್ನ ಕಾರ್ಡು ಓದಿ ಬೈದು ಬರೆದಿದ್ದೀಯ, ಬೈಸಿಕೊಳ್ಳಬೇಕಾದದ್ದೇ. ಫಿಲ್ಟರಿನ ಸ್ಪಂಜು ಕಂದುಬಣ್ಣಕ್ಕೆ ತಿರುಗಿತ್ತು. ನಲ್ಲಿಯಡಿ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿ ಹಾಕಿದೆ. ಆ ಕಂದು ಕೊಳೆಯೇ ಟ್ಯಾಂಕಿನ ಹೊಲಸು ತಿಂದು ಅದನ್ನು ಬದುಕಿಸಿಡುವ ಬ್ಯಾಕ್ಟೀರಿಯಾ ಎಂದು ನನಗೆ ಹೇಗೆ ಗೊತ್ತಾಗಬೇಕು? ನೀರು ಮೂರು ದಿನ ಗಂಜಿಯ ಹಾಗೆ ಮಂಕಾಗಿತ್ತು. ಈಗ ತಿಳಿಯಾಗಿದೆ.

"ಮಾವ, ನೀರಲ್ಲಿರೋದನ್ನ ಸಾಯಿಸೋದು ನಿಮ್ಮ ಕೆಲಸ. ಇಲ್ಲಿ ನೀರಲ್ಲಿರೋದನ್ನ ಸಾಕೋದು ಕೆಲಸ," ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಕತ್ತರಿಸಿ ಟ್ಯಾಂಕಿನ ಪಕ್ಕ ಅಂಟಿಸಿದ್ದೇನೆ. ಕೆಲಸ ಮಾಡಿದಷ್ಟು ವರ್ಷವೂ ನನ್ನ ನೀರಿನಲ್ಲಿ ಒಂದು ಹುಳು ಬದುಕಿದ್ದರೆ ನನಗೆ ಮೆಮೊ ಬರುತ್ತಿತ್ತು. ಈಗ ಒಂದು ಹುಳು ಸತ್ತರೆ ನಿನ್ನಿಂದ ಬರುತ್ತದೆ.

ಹಸಿರು ಹವಳ ಎರಡು ವಾರದಿಂದ ಮತ್ತೆ ಮುದುಡಿಕೊಂಡಿದೆ. ಸಿಟ್ಟು ಮಾಡಿಕೊಂಡ ಮಗಳು ಬಾಗಿಲು ಹಾಕಿಕೊಂಡ ಹಾಗೆ. ಸ್ಪಂಜಿನ ಗಲಾಟೆಯ ನಂತರ ಚೇತರಿಸಿಕೊಳ್ಳಲು ದಿನ ಬೇಕು ಎಂದು ಅಂಗಡಿಯವನೂ ಹೇಳುತ್ತಾನೆ. ಉಪ್ಪು ಸರಿಯಿದೆ, ಶಾಖ ಸರಿಯಿದೆ, ನೀನು ಕೊಟ್ಟ ಬಣ್ಣದ ಬಾಟಲಿಗಳ ಪರೀಕ್ಷೆಯೆಲ್ಲ ಸರಿ ಬರುತ್ತಿದೆ. ಸಿಹಿನೀರನ್ನು ಅಳೆದು ದಿನಾ ಬೆಳಿಗ್ಗೆ ನಾನೇ ಹಾಕುತ್ತೇನೆ.

ಟೇಲರ್ ತಾತನಿಗೆ ನನ್ನ ನಮಸ್ಕಾರ. ಜೇಬು ಹೊಲಿಯಲು ಕಲಿತೆ ಎಂದು ಓದಿ ನಿನ್ನ ಅತ್ತೆ ತನ್ನ ಹರಿದ ಚೀಲ ಎತ್ತಿಟ್ಟಿದ್ದಾಳೆ.

ನಿನ್ನ
ನೀರುಮಾವ

*

ಮೇ 6

ಬಿಚ್ಚಣ್ಣ,

ಉತ್ತರ ತಡವಾಯಿತು, ಬೇಸರಿಸಬೇಡ. ಬೆನ್ನು ಹಿಡಿದುಕೊಂಡಿತ್ತು.

ಇಲ್ಲಿ ಎಲ್ಲ ಚೆನ್ನಾಗಿದೆ. ಸೆಕೆ ವಿಪರೀತ. ಎದುರುಮನೆಯ ನಿವೃತ್ತ ಗಾರ್ಡು ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ದಿನಕ್ಕೆ ನಾಲ್ಕು ಸಲ ನಗಲಿಕ್ಕೆಂದೇ ಬರುತ್ತಾರೆ. ಬೀದಿಯ ಕೊನೆಯಲ್ಲಿ ಹೊಸ ಕಟ್ಟಡ ಏಳುತ್ತಿದೆ, ಇಡೀ ದಿನ ಧೂಳು. ನಿನ್ನ ಅತ್ತೆ ಕಿಟಕಿಗೆಲ್ಲ ಒದ್ದೆ ಬಟ್ಟೆ ಕಟ್ಟಿದ್ದಾಳೆ.

ಟ್ಯಾಂಕು ಚೆನ್ನಾಗಿದೆ. ಗಾಜು ಕನ್ನಡಿಯ ಹಾಗಿದೆ, ಒಂದು ಕಲೆಯಿಲ್ಲ. ಇನ್ಸ್‌ಪೆಕ್ಟರ್ ಚುರುಕಾಗಿದ್ದಾನೆ. ನರ್ಸಮ್ಮ ಮತ್ತೆ ಅಂಗಿ ಕಳಚಿದ್ದಾಳೆ. ಈ ಸಲ ನಾನು ಮೋಸಹೋಗಲಿಲ್ಲ, ಮರಳಿನ ಮೇಲೆ ಹಾಗೇ ಬಿಟ್ಟಿದ್ದೇನೆ. ಗುಲಾಬಿ ಬಣ್ಣದ ಚೆಂದದ ಅಂಗಿ. ಹೊಸದು ಗಟ್ಟಿಯಾಗುವವರೆಗೆ ಅವಳು ಸಂದಿಯಲ್ಲಿ ಅಡಗಿರುತ್ತಾಳೆಂದು ನೀನೇ ಬರೆದಿದ್ದೆ. ಹನ್ನೊಂದು ದಿನವಾಯಿತು, ಇನ್ನೂ ಹೊರಗೆ ಬಂದಿಲ್ಲ. ನಾಚಿಕೆ ಜಾಸ್ತಿ ಇರಬೇಕು.

ಹವಳದ ಬಗ್ಗೆ ಮುಂದಿನ ಸಲ ಬರೆಯುತ್ತೇನೆ.

ನಿನ್ನ
ನೀರುಮಾವ

*

ಮೇ 21

ಮಾವನಿಗೆ ನಮಸ್ಕಾರಗಳು.

ಈ ಸಲ ಒಂದೇ ಹಾಳೆ ಕೊಟ್ಟಿದ್ದಾರೆ, ನೇರವಾಗಿ ಕೇಳುತ್ತೇನೆ.

ಗಾಜು ಕನ್ನಡಿಯ ಹಾಗಿದೆ ಎಂದು ಬರೆದಿದ್ದೀರಿ. ಬಸವನಹುಳುಗಳಿದ್ದರೆ ಗಾಜಿನ ಮೇಲೆ ಅವು ಮೇಯ್ದ ದಾರಿಗಳು ಕಾಣುತ್ತವೆ, ಅಂಚಿನಲ್ಲಿ ಒಂದಿಷ್ಟು ಹಸಿರು ಉಳಿದೇ ಇರುತ್ತದೆ. ಕಲೆಯೇ ಇಲ್ಲ ಎಂದರೆ ಯಾರೋ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಹುಳುಗಳು ಎಷ್ಟಿವೆ?

ನರ್ಸಮ್ಮನ ಅಂಗಿ ಗಾಜಿನ ಕಾಗದದ ಹಾಗೆ ತೆಳ್ಳಗೆ, ಆಚೆಗಿನದೆಲ್ಲ ಕಾಣುವ ಹಾಗಿರುತ್ತದೆ. ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಅಂಗಿಯಲ್ಲ ಮಾವ.

ಮೀನು ಒಂದೇ ಚುರುಕಾಗಿದ್ದು ಮಿಕ್ಕದ್ದೆಲ್ಲ ಹೋಗುತ್ತಿದ್ದರೆ ನೀರಿಗೆ ಏನೋ ಸೇರುತ್ತಿದೆ. ದಿನಾ ಹಾಕುವ ಸಿಹಿನೀರು ಎಲ್ಲಿಂದ ಬರುತ್ತದೆ, ಯಾವ ಪಾತ್ರೆಯಲ್ಲಿ ನಿಲ್ಲುತ್ತದೆ, ಯಾವ ಕೈಯಿಂದ ಹಾಕುತ್ತೀರಿ, ಒಂದೂ ಬಿಡದೆ ಬರೆಯಿರಿ. ನಮ್ಮ ಲಿಫ್ಟ್ ರಿಪೇರಿ ಕೆಲಸದಲ್ಲಿ, ಏನು ಜೋಡಿಸಿದೆ, ಏನು ತೆಗೆದೆ ಎಂದು ಹೊರಡುವ ಮೊದಲು ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿದೆ. ಬರೆಯುವಾಗಲೇ ಬಿಟ್ಟುಹೋದದ್ದು ನೆನಪಾಗುತ್ತದೆ. ಆ ದಿನ ನಾನು ನಾಳೆ ಬರೆದರಾಯಿತು ಅಂದುಕೊಂಡೆ.

ಇಲ್ಲಿ ಮಲಗುವ ಮುಂಚೆ ಕಣ್ಣು ಮುಚ್ಚಿ ಟ್ಯಾಂಕನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡುತ್ತೇನೆ. ಏನೇನು ಇದೆಯೋ ಅಷ್ಟನ್ನೇ ನೋಡಬೇಕು. ಇಲ್ಲದ್ದನ್ನು ನೋಡುತ್ತಿದ್ದರೆ ಹೇಳಿಬಿಡಿ.

ಅತ್ತೆಗೆ ನಮಸ್ಕಾರ.

ಬಿಚ್ಚಣ್ಣ

*

ಜೂನ್ 4

ಬಿಚ್ಚಣ್ಣ, ನನ್ನಪ್ಪ,

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಬಸವನಹುಳು ಒಂದೂ ಇಲ್ಲ. ಮೊದಲನೆಯದು ಮಾರ್ಚ್ ಕೊನೆಯಲ್ಲಿ ಗಾಜಿನಿಂದ ಜಾರಿ ಬಿತ್ತು, ಕೊನೆಯದು ಏಪ್ರಿಲ್ ಮುಗಿಯುವ ಹೊತ್ತಿಗೆ. ಗಾಜು ಒರೆಸುತ್ತಿದ್ದದ್ದು ನಾನೇ. ನರ್ಸಮ್ಮ ಸತ್ತಿದ್ದಾಳೆ. ಮೊದಲ ಸಲ ಅಂಗಿಯನ್ನು ಹೆಣವೆಂದು ಹೂತೆ, ಎರಡನೆಯ ಸಲ ಹೆಣವನ್ನು ಅಂಗಿಯೆಂದು ನಿನ್ನ ಕಾಗದ ಬರುವವರೆಗೆ ಮರಳಿನ ಮೇಲೆ ಬಿಟ್ಟೆ. ಹಸಿರು ಹವಳದ ಮಾಂಸ ಕರಗಿ ಹೋಗಿ ಬಿಳಿ ಎಲುಬು ಉಳಿದಿದೆ. ಮೇ ತಿಂಗಳ ಕಾಗದ ಬರೆಯುವಾಗ ಇದರಲ್ಲಿ ನರ್ಸಮ್ಮನದೊಂದು ಬಿಟ್ಟು ಎಲ್ಲವೂ ನನಗೆ ಗೊತ್ತಿತ್ತು. ನನ್ನ ಬೆನ್ನು ಆ ದಿನ ಚೆನ್ನಾಗಿಯೇ ಇತ್ತು.

ಈಗ ಉಳಿದದ್ದು. ನಿನ್ನ ಕಾಗದ ಬಂದಾಗ ಅಡುಗೆಮನೆಯ ಮೇಜಿನ ಹತ್ತಿರ ನಿನ್ನ ಅತ್ತೆಗೆ ಓದಿ ಹೇಳುತ್ತಿದ್ದೆ. 'ಯಾವ ಪಾತ್ರೆಯಲ್ಲಿ' ಎಂಬಲ್ಲಿ ಅವಳು, "ಕೊಡದಲ್ಲಿ ಅಂತ ಬರೀರಿ, ಅದಕ್ಕೇನಂತೆ," ಎಂದಳು. ನಾನು ತಲೆಯೆತ್ತಿ ನೋಡಿದೆ. ಮೂಲೆಯ ಕಟ್ಟೆಯ ಮೇಲೆ ತಾಮ್ರದ ಕೊಡ ಇತ್ತು. ನಿನ್ನ ಅಮ್ಮನದು. ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಸಾಮಾನಿನಲ್ಲಿ ನಾನು ಕೇಳಿ ತಂದದ್ದು ಅದೊಂದೇ. ಸಿಹಿನೀರು ಬೇಕು ಎಂದು ನೀನು ಬರೆದ ದಿನ, ಪ್ಲಾಸ್ಟಿಕ್ ಬಕೆಟ್ಟು ಯಾಕೆ, ಅವನ ಅಮ್ಮನ ಕೊಡವೇ ಇದೆಯಲ್ಲ, ತಾಮ್ರದಲ್ಲಿ ನಿಂತ ನೀರು ಮೈಗೆ ಒಳ್ಳೆಯದು ಎಂದುಕೊಂಡು ಇಳಿಸಿದೆವು. ನಿನ್ನ ಅತ್ತೆ ವಾರಕ್ಕೊಮ್ಮೆ ಹುಳಿ ಹಚ್ಚಿ ತಿಕ್ಕಿ ಒಳಗೂ ಹೊರಗೂ ಫಳಫಳ ಮಾಡುತ್ತಿದ್ದಳು. ನಾಲ್ಕು ತಿಂಗಳು ಪ್ರತಿದಿನ ಅದರ ನೀರನ್ನೇ ಹಾಕಿದೆ.

ನಿನಗೆ ಒಂದು ವಿಷಯ ಗೊತ್ತಿಲ್ಲ. ಬೇಸಿಗೆಯಲ್ಲಿ ನಮ್ಮ ಜಲಾಶಯಕ್ಕೆ ಹಸಿರು ಪಾಚಿ ಕಟ್ಟುತ್ತಿತ್ತು. ಆಗ ಮೈಲುತುತ್ತದ ನೀಲಿ ಹರಳುಗಳನ್ನು ಗೋಣಿಚೀಲಕ್ಕೆ ತುಂಬಿ ದೋಣಿಯ ಹಿಂದೆ ಕಟ್ಟಿ, ಚೀಲ ಖಾಲಿಯಾಗುವವರೆಗೆ ಹುಟ್ಟು ಹಾಕುತ್ತಿದ್ದೆವು. ಎರಡು ದಿನಕ್ಕೆ ಪಾಚಿಯೆಲ್ಲ ತಳ ಸೇರುತ್ತಿತ್ತು. ಮೀನುಗಳು ಹೇಗೋ ಉಳಿಯುತ್ತಿದ್ದವು. ದಡದ ತುಂಬ ಬಸವನಹುಳುಗಳು ಚಿಪ್ಪಿನಿಂದ ಜೋತುಬಿದ್ದು ಸತ್ತಿರುತ್ತಿದ್ದವು, ಕಾಲಡಿಗೆ ಸಿಕ್ಕಿ ಕರಕರ ಎನ್ನುತ್ತಿದ್ದವು. ಮೈಲುತುತ್ತ ಎಂದರೆ ತಾಮ್ರ. ಇದನ್ನು ಹೊಸಬರಿಗೆ ಪಾಠ ಹೇಳಿದವನು ನಾನು. ಎಷ್ಟು ನೀರಿಗೆ ಎಷ್ಟು ಹಾಕಿದರೆ ಏನೇನು ಸಾಯುತ್ತದೆಂದು ಈಗಲೂ ಬಾಯಿಪಾಠ ಒಪ್ಪಿಸಬಲ್ಲೆ.

ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ಹಿಡಿದು ನಮ್ಮ ಹಳೆಯ ಲ್ಯಾಬಿಗೆ ಒಯ್ದೆ. ಈಗಿನ ಕೆಮಿಸ್ಟ್ ಹೆಣ್ಣುಮಗಳು ನಾನೇ ಕೆಲಸ ಕಲಿಸಿದವಳು. ಪರೀಕ್ಷೆ ಮಾಡಿ, ಇನ್ನೊಂದು ಸಲ ಮಾಡಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ಸಾರ್, ಇದರಲ್ಲಿ ಏನನ್ನ ಕೊಲ್ಲಬೇಕು ಅಂತಿದ್ರಿ?"

ಬಾಟಲಿಗೆ ಮುಚ್ಚಳ ತಿರುಗಿಸಿ, ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಬಿಚ್ಚಣ್ಣ, ಆ ಮೆಟ್ಟಿಲ ಮೇಲೆ ಎಲ್ಲರೆದುರು ನಾನು ನಿನ್ನನ್ನು ಕೇಳಿದ್ದು ನಿನಗೆ ನೆನಪಿರುತ್ತದೆ. "ಅದೇ ಕೆಲಸ ಮಾಡೋನು ನೀನು. ಒಂದು ತಂತಿ ತೆಗೆಯೋದನ್ನ ಯಾರಾದ್ರೂ ಮರೀತಾರೇನೋ?" ಲಿಫ್ಟು ಬಂದು ನಿಲ್ಲದೆ ಬಾಗಿಲು ತೆರೆಯದ ಹಾಗೆ ತಡೆಯುವ ಬೀಗವನ್ನು ರಿಪೇರಿಯ ಹೊತ್ತಿಗೆ ತಪ್ಪಿಸಲು ಹಾಕಿದ ಒಂದು ಗೇಣು ತಂತಿ. ಅದು ಅಲ್ಲೇ ಉಳಿಯಿತು. ಮರುದಿನ ಬಾಗಿಲು ತೆರೆಯಿತು, ಒಳಗೆ ಲಿಫ್ಟು ಇರಲಿಲ್ಲ, ಕನ್ನಡಕದ ಅಂಗಡಿಯ ಆ ಹೆಂಗಸು ಕಾಲಿಟ್ಟಳು. ನೀನು ಐದು ವರ್ಷದವನಿದ್ದಾಗ ನನ್ನ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದ್ದೆ, ಎರಡು ಸ್ಕ್ರೂ ಉಳಿದಿತ್ತು, ನಾವೆಲ್ಲ ನಕ್ಕು ನಿನಗೆ ಈ ಹೆಸರಿಟ್ಟೆವು. ಆ ಪ್ರಶ್ನೆ ಕೇಳುವ ಹೊತ್ತಿಗೆ ಅದೂ ನನಗೆ ನೆನಪಿತ್ತು. ನೆನಪಿದ್ದೂ ಕೇಳಿದೆ.

ಹುಳು, ಸೀಗಡಿ ಒಂದು ಕಡೆ, ಆ ಹೆಂಗಸಿನ ಜೀವ ಒಂದು ಕಡೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ಮೂಢ ನಾನಲ್ಲ. ಆದರೆ ಪ್ರಶ್ನೆ ಕೇಳಿದವನು ನಾನು. ಉತ್ತರ ಸಿಕ್ಕಿದ್ದೂ ನನಗೇ. ಮರೆಯುತ್ತಾರೆ. ಅದೇ ಕೆಲಸ ಮಾಡಿದವನೇ ಮರೆಯುತ್ತಾನೆ. ಪ್ರತಿದಿನ ಬೆಳಿಗ್ಗೆ, ಪ್ರೀತಿಯಿಂದ, ಅಳೆದು ಹಾಕುತ್ತಾ ಮರೆಯುತ್ತಾನೆ.

ನಿನ್ನ
ಮಾವ

*

ಆಗಸ್ಟ್ 19

ಪ್ರೀತಿಯ ಬಿಚ್ಚಣ್ಣನಿಗೆ,

ಹೇಗಿದ್ದೀಯ? ಗೊರಕೆಯಣ್ಣ, ಟೇಲರ್ ತಾತ ಕ್ಷೇಮವೇ? ಜೂನಿನ ಕಾಗದಕ್ಕೆ ಉತ್ತರವಿಲ್ಲ, ಜುಲೈನಲ್ಲಿ ಎರಡು ಬರೆದೆ, ಅದಕ್ಕೂ ಇಲ್ಲ. ಭೇಟಿಗೆ ಬಂದಾಗ ನೀನು ಹೊರಗೆ ಬರಲು ಒಪ್ಪಲಿಲ್ಲ ಎಂದು ಕಿಟಕಿಯಲ್ಲಿದ್ದವರು ಹೇಳಿದರು. ನಿನ್ನ ಅತ್ತೆ ರಿಪೇರಿಗೆಂದು ತಂದಿದ್ದ ಹರಿದ ಚೀಲವನ್ನು ಹಾಗೇ ಮಡಿಚಿಕೊಂಡು ವಾಪಸು ಬಂದಳು. 

ನೀನು ಉತ್ತರಿಸದೆ ಇರುವುದರಲ್ಲಿ ತಪ್ಪಿಲ್ಲ. ಮಲಗುವ ಮುಂಚೆ ನೀನು ಕಣ್ಣು ಮುಚ್ಚಿ ನೋಡುತ್ತಿದ್ದದ್ದನ್ನು ನಾನು ಖಾಲಿ ಮಾಡಿದ್ದೇನೆ. ಈಗ ಅಲ್ಲಿ ಏನನ್ನು ನೋಡುತ್ತೀಯೋ ನನಗೆ ತಿಳಿಯದು, ಕೇಳುವ ಧೈರ್ಯವೂ ಇಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನೀರನ್ನು ಆರು ಸಲ ಬದಲಾಯಿಸಿದೆ. ಕ್ಯಾನಿನ ನೀರಿನಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಇದ್ದಿಲ ಚೀಲ ಇಳಿಬಿಟ್ಟೆ. ತಾಮ್ರ ಇಳಿಯುತ್ತದೆ, ವಾರ ಬಿಟ್ಟು ನೋಡಿದರೆ ಮತ್ತೆ ಏರಿರುತ್ತದೆ. ಕಲ್ಲು ಅದನ್ನು ಕುಡಿದಿಟ್ಟುಕೊಂಡಿದೆ, ಇನ್ನು ಎಷ್ಟೋ ಕಾಲ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ, ಕಲ್ಲು ಮರಳು ಎಲ್ಲ ಎಸೆಯಿರಿ, ಹವಳದ ಆಸೆ ಬಿಡಿ ಎಂದು ಅಂಗಡಿಯವನು ಹೇಳಿದ. ಈ ಸಲ ಅವನು ನಗಲಿಲ್ಲ. ನಾನು ಎಸೆದಿಲ್ಲ. ಬಂದಾಗ ನೀನು ಬಿಟ್ಟುಹೋದ ಹಾಗೇ ಇರುತ್ತದೆ ಎಂದು ಮಾತು ಕೊಟ್ಟಿದ್ದೆ. ಈಗ ಇಡಬಹುದಾದದ್ದು ಕಲ್ಲುಗಳ ಜಾಗ ಮಾತ್ರ.

ಕೊಡವನ್ನು ಅಟ್ಟದ ಮೇಲೆ ಹಾಕಿದ್ದೇವೆ. ನಿನ್ನ ಅತ್ತೆ ಅದನ್ನು ಮುಟ್ಟುತ್ತಿಲ್ಲ. ಮೊನ್ನೆ ಏಣಿ ಹತ್ತಿ ನೋಡಿದೆ, ಮಸುಕಾಗಿ ಕಂಠದ ಸುತ್ತ ಹಸಿರು ಕಟ್ಟಿದೆ. ನಿನ್ನ ಅಮ್ಮನ ಸಾಮಾನು, ಎಸೆಯಲು ಮನಸ್ಸು ಬರಲಿಲ್ಲ. ಅದರದ್ದೇನೂ ತಪ್ಪಿಲ್ಲ, ಅದು ತಾಮ್ರವಾಗಿಯೇ ಇತ್ತು.

ಇನ್ಸ್‌ಪೆಕ್ಟರ್ ಇದ್ದಾನೆ. ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಒಬ್ಬನೇ. ಹಸಿರು ಹವಳ ಇದ್ದ ಎಲುಬಿನ ಹತ್ತಿರ ಹೋಗಿ ಮೈ ಉಜ್ಜಲು ನೋಡುತ್ತಾನೆ, ಅಲ್ಲಿ ಮೆತ್ತಗಿನದು ಏನೂ ಇಲ್ಲ, ಹಿಂದಕ್ಕೆ ಬರುತ್ತಾನೆ, ಮತ್ತೆ ಹೋಗುತ್ತಾನೆ. ದಿನಾ ಒಂದು ಚಿಟಿಕೆ ಹಾಕುತ್ತಿದ್ದೇನೆ. ಅಂಗಡಿಯವನು, ನನಗೆ ಕೊಡಿ, ಜೊತೆಯಿರುವ ಟ್ಯಾಂಕಿಗೆ ಬಿಡುತ್ತೇನೆ ಎನ್ನುತ್ತಾನೆ. ಅವನು ಹೇಳುವುದು ಸರಿಯೇ. ಆದರೆ ಮೀನು ನಿನ್ನದು. ಇನ್ನು ಮುಂದೆ ನಿನ್ನ ಸಾಮಾನಿನ ವಿಷಯದಲ್ಲಿ ನನ್ನ ಬುದ್ಧಿ ಓಡಿಸುವುದಿಲ್ಲ.

ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ನಮ್ಮ ವಿಳಾಸ ನಾನೇ ಬರೆದಿದ್ದೇನೆ, ಸ್ಟಾಂಪೂ ಅಂಟಿಸಿದೆ. ಹಿಂದುಗಡೆ ಎರಡೇ ಮಾತು ಬರೆದಿದ್ದೇನೆ: 'ಕೊಟ್ಟುಬಿಡಿ', 'ಇಟ್ಟುಕೊಳ್ಳಿ'. ನನ್ನೊಡನೆ ಮಾತು ಬೇಡ ಎನ್ನಿಸಿದರೆ ಬೇಡ. ಹೇಗಿದ್ದೀಯೆಂದೂ ಬರೆಯಬೇಡ, ಸಹಿಯೂ ಬೇಡ. ಯಾವುದು ಬೇಡವೋ ಅದರ ಮೇಲೊಂದು ಗೀಟು ಎಳೆದು ಡಬ್ಬಕ್ಕೆ ಹಾಕು. ಗೀಟು ನಿನ್ನ ಕೈಯದೆಂದು ನನಗೆ ಗೊತ್ತಾಗುತ್ತದೆ, ನಿನಗೆ ಅಕ್ಷರ ತಿದ್ದಿಸಿದವನು ನಾನು.

ಅಂಚೆಯವನು ನಮ್ಮ ಬೀದಿಗೆ ಬರುವುದು ಹನ್ನೊಂದಕ್ಕೆ. ಆ ಹೊತ್ತಿಗೆ ನಾನು ಬಾಗಿಲಲ್ಲೇ ಇರುತ್ತೇನೆ. ಬೇಗ ಹಾಕು ಮಗನೇ.

ನಿನ್ನ
ಮಾವ